ಷರಾ

ಹಾಲೇಶಿ ನರ್ಸರಿಯಲ್ಲಿ ಆಣೆ ಇಟ್ಟು ಕೊಟ್ಟ ಗಿಡ:
"ಮೊಣಕಾಲು ದಾಟಲ್ಲ ಸಾರ್. ದಾಟಿದರೆ ದುಡ್ಡು ವಾಪಸ್."
ಸಾಗರ ರಸ್ತೆಯಿಂದ ಗೋಪಾಳದವರೆಗೆ
ಸ್ಕೂಟರಿನಲ್ಲಿ ನನ್ನ ಮುಂದೆ ನಿಲ್ಲಿಸಿಕೊಂಡು ತಂದೆ,
ಮಗುವನ್ನು ನಿಲ್ಲಿಸಿಕೊಳ್ಳುವ ಜಾಗದಲ್ಲಿ.
ಕುಳ್ಳ ಥೂಜಾ. ಕೋಳಿಮೊಟ್ಟೆಯ ಆಕಾರ.
ಎಲೆಗಳೆಲ್ಲ ಅಂಚಿನ ಮೇಲೆ ನಿಂತಿದ್ದವು
ಕಪಾಟಿನಲ್ಲಿ ಒತ್ತೊತ್ತಿ ತುರುಕಿದ ಕಡತಗಳಂತೆ.

ನೀಲಮ್ಮ ಕೇಳಿದಳು: ಹೂ ಬಿಡುತ್ತಾ?
ಹೇಳಿಕೊಳ್ಳುವಂಥದ್ದಲ್ಲ.
ಹಣ್ಣು?
ತಿನ್ನುವಂಥದ್ದಲ್ಲ.
ಒಗ್ಗರಣೆಗಾದರೂ?
ಊಹೂಂ.
ಮತ್ತೆ ಏನು ಮಾಡುತ್ತೆ ಅದು?
ಅಂಗಳದ ತುಂಬ ಎಲೆ ಉದುರಿಸಲ್ಲ, ಅಂದೆ.
ಪೊರಕೆ ಗೋಡೆಗೆ ಒರಗಿಸಿ, ಇರಲಿ ಬಿಡಿ, ಅಂದಳು.

ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ
ನಾನು ಕಾಡು ಕಂಡದ್ದು ಅಡ್ಡ ಮಲಗಿದ ಮೇಲೆಯೇ.
ನೀಲಗಿರಿ, ಅಕೇಶಿಯಾ, ಬಿದಿರು
ಲಾರಿಯಲ್ಲಿ ಬಂದು ವೇಬ್ರಿಡ್ಜ್ ಹತ್ತಿ ನಿಂತರೆ
ತುಂಬಿದ ತೂಕ, ಖಾಲಿ ತೂಕ, ನಿವ್ವಳ.
ಡ್ರೈವರ್ ಇಳಿಯದೆ ಕೂತರೆ ಅವನೂ ಮರವೇ.
ಇಳಿಯೋ ಮಾರಾಯ ಎಂದು ದಿನಕ್ಕೆ ನಲವತ್ತು ಸಲ
ಕೂಗಿದ ಗಂಟಲು ಇದು.
ಹತ್ತು ಕಿಲೋಗಿಂತ ಕಮ್ಮಿ ಇದ್ದದ್ದಕ್ಕೆ ಮುಳ್ಳು ಅಲುಗುತ್ತಿರಲಿಲ್ಲ.
ದಿಮ್ಮಿಗಳ ನಡುವೆ ಗೂಡು ಬಂದದ್ದುಂಟು,
ಒಮ್ಮೆ ಒಂದು ಹಸಿರು ಹಾವು, ಯಾರದೋ ಊಟದ ಡಬ್ಬಿ.
ಲೆಕ್ಕದಲ್ಲಿ ಯಾವುದೂ ಇಲ್ಲ.

ಬಾಗಿಲು ಹಾಕಿದ ದಿನ
ಒಬ್ಬ ಕುರ್ಚಿ ಹೊತ್ತ, ಇನ್ನೊಬ್ಬ ಫ್ಯಾನು.
ನಾನು, ಅರ್ಧ ಖಾಲಿ ಉಳಿದಿದ್ದ ರಿಜಿಸ್ಟರು.

ಈ ಗಿಡ ಬೆಳೆಯುವುದು ವರ್ಷಕ್ಕೆ ಎರಡು ಬೆರಳು.
ಯುಗಾದಿಯ ಮಾರನೇ ದಿನ ನೀಲಮ್ಮನ ಹೊಲಿಗೆ ಟೇಪು ಹಿಡಿದು ಅಳೆಯುತ್ತೇನೆ.
ಲಾರಿ ನಂಬರಿನ ಕಡೆ ಒಂದು ಗೀಟು.
ತೂಕದ ಕಡೆ ಇಂಚು.

ಮೊದಲ ಆಷಾಢದಲ್ಲೇ ಹೋಗುವುದಿತ್ತು.
ಬುಡದಲ್ಲಿ ನೀರು ನಿಂತು ಹೊಟ್ಟೆಯ ಭಾಗ ಕಂದಿತು.
ಕಿತ್ತು, ಒಡೆದ ಹೆಂಚು ಹಾಸಿ,
ಮರಳು ಬೆರೆಸಿದ ಮಣ್ಣಿನ ದಿಬ್ಬ ಕಟ್ಟಿ ಕೂರಿಸಿದೆ.
ಕತ್ತರಿ ಹಸಿರಿನಲ್ಲೇ ಆಡಬೇಕು;
ಒಳಗಿನ ಕಂದು ಕಡ್ಡಿಯವರೆಗೆ ಹೋಯಿತೋ, ಅಲ್ಲಿ ಮತ್ತೆ ಚಿಗುರಿಲ್ಲ.
ಹಾಗೆ ಮಾಡಿದ ಒಂದು ತೂತು ಬೇಲಿಯ ಕಡೆಗಿದೆ.
ಬಂದವರಿಗೆ ಈ ಕಡೆಯಿಂದ ತೋರಿಸುತ್ತೇನೆ.

ಪಕ್ಕದ ಮನೆಯ ಜೊಹರಾ, ಮೂರನೇ ಕ್ಲಾಸು,
ಕೇಳಿಯೇ ಒಂದೆಲೆ ಕೀಳುತ್ತಾಳೆ. ವಿದ್ಯೆ ಎಲೆ ಅಂತೆ,
ಗಣಿತದ ಪುಸ್ತಕದಲ್ಲಿಟ್ಟರೆ ಮರಿ ಹಾಕುತ್ತದಂತೆ.
ಅದಕ್ಕೆ ಊಟ, ಪೆನ್ಸಿಲ್ ಹೆರೆದ ಸಿಪ್ಪೆ.
ಹಾಸಿಗೆ ಕಾಗದ, ಊಟ ಕಟ್ಟಿಗೆ.
ನಾನು ಏನೂ ಹೇಳಲಿಲ್ಲ.

ಈ ಸಲ ಮಾತ್ರ ನಡುನೆತ್ತಿಯಿಂದ
ಒಂದು ಕೊಂಬೆ ಸರ್ರನೆ ಎದ್ದಿದೆ,
ನೆಟ್ಟಗೆ, ಒರಟು ಎಲೆ, ಯಾವ ಮೊಟ್ಟೆಯ ಹಂಗೂ ಇಲ್ಲ.
ಮೂರು ತಿಂಗಳಿಗೆ ಒಂದು ಗೇಣು.
ಹಾಲೇಶಿಗೆ ಫೋನು ಮಾಡಿದೆ, ದುಡ್ಡಿನ ಮಾತು ಎತ್ತಲಿಲ್ಲ.
"ಅದು ಹಳೇ ಬುದ್ಧಿ ಸಾರ್. ಕುಳ್ಳ ಮಾಡಿದ್ದು ನಾವು ಆರಿಸಿ ಆರಿಸಿ.
ಇದರ ವಂಶದವರು ಮೂವತ್ತಡಿ.
ಬುಡದಿಂದ ತೆಗೆದುಬಿಡಿ. ಬಿಟ್ಟರೆ ಅದೇ ಗಿಡ ಆಗುತ್ತೆ,
ನಿಮ್ಮದು ಸೊರಗುತ್ತೆ."

ಕತ್ತರಿ ತಂದೆ.
ಎರಡು ಬೆರಳ ನಡುವೆ ಕೊಂಬೆ ಹಿಡಿದೆ.
ತೂಕ, ಒಂದು ಪೋಸ್ಟ್ ಕಾರ್ಡಿನಷ್ಟು ಇದ್ದೀತು.
ಇಷ್ಟಕ್ಕೆ ಎಂದೂ ನನ್ನ ಮುಳ್ಳು ಅಲುಗಿದ್ದಿಲ್ಲ.
ಒಳಗೆ ಕುಕ್ಕರ್ ಕೂಗಿತು. ಜೊಹರಾ ಬೇಲಿಗೆ ಗಲ್ಲ ಊರಿ ನಿಂತಿದ್ದಳು.

ಕೊನೆಯ ಕಾಲಂ, ಷರಾ.
ಅದರಲ್ಲಿ ನಾನು ಸೇವೆಯುದ್ದಕ್ಕೂ ಬರೆದದ್ದು ಎರಡೇ ಮಾತು:
ಹಸಿ. ಒಣ.
ಇವತ್ತು ಸ್ವಲ್ಪ ಉದ್ದವಾಯಿತು:

ಒಂದು ಕೊಂಬೆ ನೆಟ್ಟಗಿದೆ.
ತೂಕ ಆಗಿಲ್ಲ.
ಡ್ರೈವರ್ ಇನ್ನೂ ಇಳಿದಿಲ್ಲ.